ಬೇರೆಯವರ ಚರ್ಮ ಒಪ್ಪಿಕೊಂಡ ಇಲಿ: ಕಸಿ ಟಾಲರೆನ್ಸ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಇಲಿಗಳಿಗೆ ಚರ್ಮ ಕಸಿ ಮಾಡೋ ಲ್ಯಾಬ್‌ನಲ್ಲಿ ಕೆಲವು ವರ್ಷ ಇದ್ದೆ ಅಂತ ಹೇಳಿದ ತಕ್ಷಣ ಜನ ಮೊದಲು ಮುಖ ಕಿವುಚ್ತಾರೆ, ಆಮೇಲೆ ಒಂದೊಂದೇ ಪ್ರಶ್ನೆ ಶುರು ಮಾಡ್ತಾರೆ. ಹೆಚ್ಚುಕಮ್ಮಿ ಅವೇ ಪ್ರಶ್ನೆಗಳು, ಹಾಗಾಗಿ ಒಂದ್ಕಡೆ ಬರೆದಿಟ್ಟಿದೀನಿ. ಸುಲಭದ್ದು ಮೇಲೆ, ತಲೆ ತಿನ್ನೋದು ಕೆಳಗೆ.

## ಮೊದಲಿಂದ

ಟಾಲರೆನ್ಸ್ ಅಂದ್ರೆ ಇಮ್ಯೂನಿಟಿ ಕಮ್ಮಿ ಮಾಡೋದೇ ತಾನೆ? ಅದಕ್ಯಾಕೆ ಇನ್ನೊಂದು ಹೆಸರು?

ಅಲ್ಲ, ಎರಡಕ್ಕೂ ತುಂಬಾ ವ್ಯತ್ಯಾಸ ಇದೆ. ಮನೆ ಕಾಯೋ ನಾಯಿ ಇದೆ ಅಂದ್ಕೊಳ್ಳಿ, ಮನೆಗೆ ಒಬ್ಬ ನೆಂಟ ಬಂದು ಉಳ್ಕೋಬೇಕು. ನಾಯಿ ಅಂದ್ರೆ ಇಮ್ಯೂನಿಟಿ, ನೆಂಟ ಅಂದ್ರೆ ಕಸಿ. ನಾಯಿಗೆ ನಿದ್ದೆ ಮಾತ್ರೆ ಹಾಕಿದ್ರೆ ನೆಂಟನಿಗೇನೋ ಕಚ್ಚಲ್ಲ, ಆದ್ರೆ ಕಳ್ಳ ಬಂದ್ರೂ ಏಳಲ್ಲ. ಕಸಿ ಆದೋರು ಜೀವನಪೂರ್ತಿ ನುಂಗೋ ಮಾತ್ರೆಗಳು ಮಾಡೋದು ಇದನ್ನೇ, ಅದಕ್ಕೇ ಅವರಿಗೆ ಸೋಂಕು ಜಾಸ್ತಿ, ಕೆಲವು ಕ್ಯಾನ್ಸರ್‌ಗಳ ಅಪಾಯಾನೂ ಜಾಸ್ತಿ. ಟಾಲರೆನ್ಸ್ ಅಂದ್ರೆ ನಾಯಿಗೆ ಆ ನೆಂಟನ ಪರಿಚಯ ಮಾಡ್ಸೋದು. ಅವನನ್ನ ಬಿಟ್ಟು ಬೇರೆ ಯಾರು ಬಂದ್ರೂ ಮೊದಲಿನ ಹಾಗೇ ಮೈಮೇಲೆ ಬೀಳ್ಬೇಕು, ಮತ್ತೆ ದಿನಾ ಮಾತ್ರೆ ಹಾಕೋ ಅಗತ್ಯ ಇರಬಾರದು. "ನಿರ್ದಿಷ್ಟ" ಟಾಲರೆನ್ಸ್ ಅಂತ ಒತ್ತಿ ಹೇಳೋದು ಇದಕ್ಕೇ. ಈ ಒಂದು ಪದ ಬಿಟ್ರೆ ಮಿಕ್ಕಿದ್ದೆಲ್ಲ ಬರೀ ಇಮ್ಯೂನಿಟಿ ತಗ್ಗಿಸೋ ಕಥೆ ಆಗ್ಬಿಡತ್ತೆ.

ಇನ್ನೊಬ್ಬರ ಕಿಡ್ನಿಯಿಂದ ಏನೂ ತೊಂದರೆ ಇಲ್ವಲ್ಲ, ಜೀವ ಉಳ್ಸತ್ತೆ, ಆದ್ರೂ ದೇಹ ಯಾಕೆ ಅದರ ಮೇಲೆ ಮುಗಿಬೀಳತ್ತೆ?

ದೇಹಕ್ಕೆ ಒಳ್ಳೇದು ಕೆಟ್ಟದ್ದು ಗೊತ್ತಾಗಲ್ಲ, ತನ್ನದಾ ಅಲ್ವಾ ಅಂತ ಮಾತ್ರ ನೋಡತ್ತೆ. ನಮ್ಮ ಬಹುಪಾಲು ಎಲ್ಲಾ ಜೀವಕೋಶಗಳ ಮೇಲೂ ಎಂಎಚ್‌ಸಿ ಅಂತ ಪ್ರೋಟೀನ್ ಇರತ್ತೆ, ಕೋಶದ ಒಳಗಿನ ಸಾಮಾನಿನ ಚೂರುಗಳನ್ನ ಹೊರಗಡೆ ಎತ್ತಿ ಹಿಡಿದು ಟಿ ಸೆಲ್‌ಗಳಿಗೆ (ಪರಕೀಯವನ್ನ ಹುಡುಕಿ ದಾಳಿ ಮಾಡೋ ಬಿಳಿ ರಕ್ತಕಣಗಳು) ತೋರ್ಸೋದು ಅದರ ಕೆಲಸ. ಇದು ಒಬ್ಬರಿಂದ ಒಬ್ಬರಿಗೆ ಭಯಂಕರ ಬದಲಾಗತ್ತೆ, ಮನುಷ್ಯರಲ್ಲಿ ಇದಕ್ಕೆ ಎಚ್‌ಎಲ್‌ಎ ಅಂತಾರೆ, ಇಲಿಗಳಲ್ಲಿ ಎಚ್-2. ಒಂದು ವೈರಸ್ ಬಂದ್ರೆ ಅದನ್ನ ಗುರುತಿಸೋ ಟಿ ಸೆಲ್ ಲಕ್ಷದಲ್ಲಿ ಕೆಲವು ಇರತ್ತೆ ಅಷ್ಟೇ, ಆದ್ರೆ ಪರಕೀಯ ಎಂಎಚ್‌ಸಿ ನೋಡಿ ಕೆರಳೋ ಟಿ ಸೆಲ್‌ಗಳು ನೂರಕ್ಕೆ 1ರಿಂದ 10ರವರೆಗೂ ಇರತ್ತೆ. ಕಸಿ ರಿಜೆಕ್ಷನ್ ಅಷ್ಟು ಜೋರಾಗಿರೋದಕ್ಕೆ ಕಾರಣ ಈ ಲೆಕ್ಕ. ಎಂಎಚ್‌ಸಿ ಪೂರ್ತಿ ಹೊಂದಿದ್ರೂ ದೇಹ ಪರಕೀಯ ಅಂತ ಹಿಡಿಯೋ ಬೇರೆ ಸಣ್ಣಪುಟ್ಟ ಗುರುತುಗಳು, ಅಂದ್ರೆ ಆಂಟಿಜೆನ್‌ಗಳು ಕಾಟ ಕೊಡತ್ವೆ: ಕೆಲವು ತಳಿಗಳಲ್ಲಿ ಹೆಣ್ಣಿಲಿ ತನ್ನದೇ ತಳಿಯ ಗಂಡಿಲಿ ಚರ್ಮಾನ ರಿಜೆಕ್ಟ್ ಮಾಡತ್ತೆ, ಗಂಡಿನ ವೈ ಕ್ರೋಮೋಸೋಮ್‌ನಿಂದ ಬಂದ ಪ್ರೋಟೀನ್ ಒಂದೇ ಸಾಕು, 1955ರಲ್ಲೇ ಇದು ಗೊತ್ತಾಯ್ತು.

ಇದೆಲ್ಲ ಶುರುವಾಗಿದ್ದು ಹಸುಗಳಿಂದ ಅಂತಾರಲ್ಲ, ನಿಜಾನಾ ಕಟ್ಟುಕಥೆನಾ?

ನಿಜ, ನನಗೆ ಈ ಇಡೀ ವಿಷಯದಲ್ಲಿ ತುಂಬಾ ಇಷ್ಟವಾದ ಭಾಗಾನೂ ಅದೇ. ಹೋರಿಗರು ಜೊತೆ ಅವಳಿಯಾಗಿ ಹುಟ್ಟಿದ ಹೆಣ್ಣು ಕರು ಸಾಮಾನ್ಯವಾಗಿ ಗೊಡ್ಡಾಗತ್ತೆ, ಯಾಕಂದ್ರೆ ಹೊಟ್ಟೇಲಿದ್ದಾಗ ಎರಡರ ಮಾಸೂ ಕೂಡ್ಕೊಂಡು ರಕ್ತ ಹಂಚಿಕೆ ಆಗಿರತ್ತೆ. 1945ರಲ್ಲಿ ಅಮೆರಿಕದ ರೇ ಓವೆನ್ ಅನ್ನೋರು ಇಂಥ ಅವಳಿಗಳ ರಕ್ತ ನೋಡಿದ್ರೆ ಒಂದೇ ಪ್ರಾಣಿಯೊಳಗೆ ಎರಡು ಥರದ ಕೆಂಪು ರಕ್ತಕಣ, ಒಂದು ತನ್ನದು, ಇನ್ನೊಂದು ಅವಳಿಯದು, ಅದೂ ದೊಡ್ಡದಾದ ಮೇಲೂ ಹಾಗೇ ಇದೆ. ಬರೀ ರಕ್ತ ಬಂದಿದ್ರೆ ಕೆಲವು ತಿಂಗಳಲ್ಲಿ ಖಾಲಿ ಆಗ್ಬೇಕಿತ್ತು, ಅಂದ್ರೆ ರಕ್ತ ಹುಟ್ಸೋ ಕೋಶಗಳೇ ಒಂದರಿಂದ ಇನ್ನೊಂದಕ್ಕೆ ಹೋಗಿ ಮನೆ ಮಾಡ್ಕೊಂಡಿವೆ, ದೇಹ ತಕರಾರು ಮಾಡಿಲ್ಲ.

ಆ ಕಡೆ ಇಂಗ್ಲೆಂಡಿನಲ್ಲಿ ಪೀಟರ್ ಮೆಡವಾರ್, ಯುದ್ಧದ ಟೈಮಲ್ಲಿ ಸುಟ್ಟಗಾಯದೋರಿಗೆ ಚರ್ಮ ಕಸಿ ಮಾಡೋದನ್ನ ನೋಡ್ತಾ ಒಂದು ವಿಷಯ ಹಿಡಿದಿದ್ರು. ಒಬ್ಬರೇ ದಾನಿಯ ಚರ್ಮ ಎರಡನೇ ಸಲ ಹಾಕಿದ್ರೆ ಮೊದಲಿಗಿಂತ ಬೇಗ ಉದುರತ್ತೆ, ಅಂದ್ರೆ ದೇಹ ನೆನಪಿಟ್ಕೊಂಡಿದೆ, ಅಂದ್ರೆ ಇದು ಇಮ್ಯೂನ್ ಸಿಸ್ಟಮ್ ಕೆಲಸ. 1948ರಲ್ಲಿ ಒಂದು ಸಮ್ಮೇಳನದಲ್ಲಿ ಯಾರೋ ಕೇಳಿದ್ರಂತೆ, ಅವಳಿ ಕರುಗಳಲ್ಲಿ ಒಂದೇ ಮೊಟ್ಟೆಯವು ಯಾವುವು, ಎರಡು ಮೊಟ್ಟೆಯವು ಯಾವುವು ಅಂತ ಕಂಡುಹಿಡಿಯೋದು ಹೇಗೆ ಅಂತ. ಮೆಡವಾರ್ "ಅಯ್ಯೋ ಸುಲಭ, ಒಂದರ ಚರ್ಮ ಇನ್ನೊಂದಕ್ಕೆ ಹಾಕಿ ನೋಡೋದು" ಅನ್ನೋ ಧಾಟೀಲಿ ಹೇಳಿ ಬಂದ್ರು. ಆಮೇಲೆ ನೋಡಿದ್ರೆ ಒಂದು ಗಂಡು ಒಂದು ಹೆಣ್ಣು ಇರೋ ಅವಳಿಗಳೂ, ಅಂದ್ರೆ ಖಂಡಿತ ಎರಡು ಮೊಟ್ಟೆಯವೂ, ಪರಸ್ಪರ ಚರ್ಮ ಒಪ್ಕೊಂಡು ಕೂತಿವೆ. ಸುಲಭ ಅಂದಿದ್ದ ಪರೀಕ್ಷೆ ಕೈಕೊಡ್ತು, ಅದರಿಂದ ಒಂದು ಹೊಸ ವಿಜ್ಞಾನ ಹುಟ್ತು. ಓವೆನ್ ಕಂಡಿದ್ದಕ್ಕೂ ಇದಕ್ಕೂ ಕೊಂಡಿ ಹಾಕೋಕೆ ಸಿಕ್ಕಿದ್ದು ಆಸ್ಟ್ರೇಲಿಯಾದ ಬರ್ನೆಟ್ ಮತ್ತು ಫೆನ್ನರ್ 1949ರಲ್ಲಿ ಬರೆದಿದ್ದ ಊಹೆ: ಹುಟ್ಟೋಕೆ ಮುಂಚೆ ದೇಹ ಏನನ್ನ ನೋಡತ್ತೋ ಅದನ್ನ ತನ್ನದು ಅಂತ ಕಲ್ತುಬಿಡತ್ತೆ.

1953ರ ಆ ಫೇಮಸ್ ಪ್ರಯೋಗದಲ್ಲಿ ನಿಜವಾಗ್ಲೂ ಏನು ಮಾಡಿದ್ರು?

ಹಸುವಲ್ಲಿ ಪ್ರಕೃತಿ ಮಾಡಿದ್ದನ್ನ ಇಲೀಲಿ ಬೇಕಂತಲೇ ಮಾಡಿದ್ರು. ಬಿಲ್ಲಿಂಗ್‌ಹ್ಯಾಮ್, ಬ್ರೆಂಟ್, ಮೆಡವಾರ್ ಮೂರು ಜನ. ಸಿಬಿಎ ಅನ್ನೋ ಕಂದುಬಣ್ಣದ ತಳಿಯ ಬಸುರಿ ಇಲಿಗೆ ಅರಿವಳಿಕೆ ಕೊಟ್ಟು ಹೊಟ್ಟೆ ಸೀಳಿದ್ರೆ, ಗರ್ಭಕೋಶದ ಗೋಡೆ ತೆಳ್ಳಗಿರೋದ್ರಿಂದ ಒಳಗಿರೋ ಮರಿಗಳು ಸಾಲಾಗಿ ಕಾಣ್ಸತ್ವೆ. ಹದಿನೈದು ಹದಿನಾರು ದಿನದ ಆ ಒಂದೊಂದು ಮರಿಗೂ ಗೋಡೆ ಮೂಲಕಾನೇ ಸಣ್ಣ ಸೂಜಿ ತೂರಿಸಿ, ಎ ಅನ್ನೋ ಬಿಳಿ ತಳಿಯ ದೊಡ್ಡ ಇಲಿಯಿಂದ ತೆಗೆದ ಗುಲ್ಮ (ಸ್ಪ್ಲೀನ್), ಕಿಡ್ನಿ, ವೃಷಣದ ಕೋಶಗಳ ದ್ರವ ಒಂದು ಚೂರು ಬಿಟ್ಟು, ಹೊಟ್ಟೆ ಹೊಲಿದ್ರು. ಮೊದಲು ವರದಿ ಮಾಡಿದ ಸೂಲಿನಲ್ಲಿ ಐದು ಮರಿ ಚೆನ್ನಾಗಿ ಹುಟ್ಟಿದ್ವು. ಎಂಟು ವಾರ ಆದ್ಮೇಲೆ ಆ ಐದಕ್ಕೂ ಎ ತಳಿಯ ಚರ್ಮ ಹಾಕಿದ್ರು. ಮಾಮೂಲಿ ಸಿಬಿಎ ಇಲಿ ಆ ಚರ್ಮಾನ ಸುಮಾರು 11 ದಿನಕ್ಕೆ ಹಾಳು ಮಾಡಿಬಿಡತ್ತೆ. ಇಲ್ಲಿ ಎರಡು ಮರಿ ಹಾಗೇ ಮಾಡಿದ್ವು, ಮಿಕ್ಕ ಮೂರರಲ್ಲಿ ಕಸಿ ಉಳೀತು, ಕಂದು ಬೆನ್ನಿನ ಮೇಲೆ ಒಂದು ಬಿಳೀ ಕೂದಲಿನ ತೇಪೆ.

ಐದರಲ್ಲಿ ಮೂರು, ಅಷ್ಟೇನಾ ಅಂತ ಕೇಳೋರಿದ್ದಾರೆ. ಅದಕ್ಕೆ ಮುಂಚೆ ಲೆಕ್ಕ ಸೊನ್ನೆ ಇತ್ತು ಅನ್ನೋದನ್ನ ಮರೀಬಾರದು. ಅದೇ ವರ್ಷ ಪ್ರಾಗ್‌ನಲ್ಲಿ ಮಿಲಾನ್ ಹಾಶೆಕ್ ಅನ್ನೋರು ಎರಡು ಕೋಳಿಮೊಟ್ಟೆಗಳ ಭ್ರೂಣಗಳ ರಕ್ತನಾಳ ಕೂಡಿಸಿ ಹೆಚ್ಚುಕಮ್ಮಿ ಇದೇ ಫಲಿತಾಂಶ ಪಡೆದಿದ್ರು, ಅವರ ಹೆಸರು ಕೇಳಿದೋರು ಕಮ್ಮಿ. 1960ರ ನೊಬೆಲ್ ಮೆಡವಾರ್ ಮತ್ತು ಬರ್ನೆಟ್ ಇಬ್ಬರಿಗೆ ಹೋಯ್ತು.

ಇಷ್ಟಕ್ಕೂ ಇಲೀನೇ ಯಾಕೆ, ಅದರಲ್ಲೂ ಚರ್ಮಾನೇ ಯಾಕೆ?

ತಳಿಗೋಸ್ಕರ. ಅಣ್ಣ ತಂಗಿ ಕೂಡಿಸ್ತಾ ಇಪ್ಪತ್ತು ತಲೆಮಾರು ಮೇಲೆ ಬೆಳೆಸಿದ್ರೆ ಆ ತಳಿಯ ಎಲ್ಲಾ ಇಲಿಗಳೂ ಒಂದೇ ಮೊಟ್ಟೆಯ ಅವಳಿಗಳ ಹಾಗೆ, ಒಂದರ ಚರ್ಮ ಇನ್ನೊಂದಕ್ಕೆ ಹಾಕಿದ್ರೆ ಸುಮ್ನಿರತ್ತೆ. ಜಾರ್ಜ್ ಸ್ನೆಲ್ ಇನ್ನೂ ಮುಂದೆ ಹೋಗಿ ಎಚ್-2 ಭಾಗ ಮಾತ್ರ ಬೇರೆ, ಮಿಕ್ಕಿದ್ದೆಲ್ಲ ಒಂದೇ ಅನ್ನೋ ತಳಿಗಳನ್ನ ಬೆಳೆಸಿದ್ರು, 1980ರಲ್ಲಿ ನೊಬೆಲ್ ಬಂತು. ಇಂಥ ಹಿಡಿತ ಬೇರೆ ಪ್ರಾಣೀಲಿ ಸಿಗೋದು ಕಷ್ಟ. ಚರ್ಮ ಯಾಕೆ ಅಂದ್ರೆ ಹೊರಗಡೆ ಇರತ್ತೆ, ಕಣ್ಣಲ್ಲೇ ನೋಡಬಹುದು, ಮತ್ತೆ ಅಂಗಾಂಗಗಳಲ್ಲೆಲ್ಲ ಅತಿ ಹಟಮಾರಿ ಅದೇ. ಚರ್ಮ ಉಳಿದ್ರೆ ಬೇರೆದಕ್ಕೆ ಭರವಸೆ ಇದೆ ಅಂತ ಲೆಕ್ಕ.

## ಹೇಗೆ ಮಾಡ್ತಾರೆ

ಹುಟ್ಟೋಕೆ ಮುಂಚೆ ಸರಿ, ಬೆಳೆದ ಪ್ರಾಣಿಗೆ ಟಾಲರೆನ್ಸ್ ಬರ್ಸೋಕಾಗತ್ತಾ?

ಆಗತ್ತೆ, ಆದ್ರೆ ಬೆಳೆದ ಪ್ರಾಣೀಲಿ ಟಿ ಸೆಲ್‌ಗಳ ಸೈನ್ಯ ಆಗ್ಲೇ ರೆಡಿ ಇರತ್ತೆ, ಮೊದಲು ಅದಕ್ಕೊಂದು ಗತಿ ಕಾಣಿಸ್ಬೇಕು. ಅತಿ ಗಟ್ಟಿಯಾದ ದಾರಿ ಅಂದ್ರೆ ಡೋನರ್‌ನ ಮೂಳೆಮಜ್ಜೆ ಕೊಡೋದು. ಮಜ್ಜೆ ನೆಲೆಯೂರಿದ್ರೆ ಅದರಿಂದ ಹುಟ್ಟಿದ ಕೋಶಗಳು ಥೈಮಸ್‌ಗೆ ಹೋಗಿ ಕೂರತ್ವೆ. ಥೈಮಸ್ ಅಂದ್ರೆ ಎದೆಗೂಡಿನಲ್ಲಿ ಹೃದಯದ ಮೇಲೆ ಇರೋ ಗ್ರಂಥಿ, ಟಿ ಸೆಲ್‌ಗಳ ಟ್ರೈನಿಂಗ್ ಸ್ಕೂಲ್, ಅಲ್ಲಿ ಕಣ್ಣಿಗೆ ಬಿದ್ದಿದ್ದರ ಮೇಲೆ ಜೋರಾಗಿ ರೇಗೋ ಟಿ ಸೆಲ್‌ನ ಅಲ್ಲೇ ಸಾಯಿಸಿಬಿಡತ್ತೆ. ಡೋನರ್ ಕೋಶಾನೂ ಅಲ್ಲೇ ಇದ್ರೆ ಡೋನರ್ ವಿರುದ್ಧದ ಟಿ ಸೆಲ್ ಹುಟ್ತಾ ಹುಟ್ತಾನೇ ಮುಗೀತು.

1955ರಲ್ಲೇ ಮೇಯ್ನ್ ಮತ್ತು ಪ್ರೆನ್ ಅನ್ನೋರು ರೇಡಿಯೇಶನ್ ಕೊಟ್ಟ ಇಲಿಗೆ ಬೇರೆ ಮಜ್ಜೆ ಹಾಕಿ ಚರ್ಮ ಒಪ್ಕೊಳ್ಳೋ ಹಾಗೆ ಮಾಡಿದ್ರು. ತೊಂದರೆ ಏನಂದ್ರೆ ಮಜ್ಜೆ ಪೂರ್ತಿ ಡೋನರ್‌ದೇ ಆದ್ರೆ ಆ ಇಲಿಯ ರೋಗನಿರೋಧಕ ಶಕ್ತಿ ಅಷ್ಟು ಚೆನ್ನಾಗಿ ಕೆಲಸ ಮಾಡಲ್ಲ. 1984ರಲ್ಲಿ ಸುಜಾನ್ ಇಲ್ಡ್‌ಸ್ಟಾಡ್ ಮತ್ತು ಡೇವಿಡ್ ಸ್ಯಾಕ್ಸ್ ಇಬ್ಬರ ಮಜ್ಜೇನೂ ಬೆರೆಸಿ ಹಾಕಿದ್ರು, ತನ್ನ ತಳಿಯದ್ದು ಮತ್ತೆ ಡೋನರ್‌ದು, ಎರಡೂ ಸೇರಿ ಬದುಕಿದ್ವು, ಡೋನರ್ ಚರ್ಮ ಉಳೀತು, ಮೂರನೇ ತಳಿಯ ಚರ್ಮ ಉದುರ್ತು. ಇದನ್ನ ಮಿಕ್ಸ್ಡ್ ಕೈಮೆರಿಸಂ ಅಂತಾರೆ. ಆದ್ರೂ ಅಲ್ಲಿ ಪ್ರಾಣಾಂತಕ ಡೋಸ್ ರೇಡಿಯೇಶನ್ ಇತ್ತು. 1989ರಲ್ಲಿ ಶರಾಬಿ ಮತ್ತು ಸ್ಯಾಕ್ಸ್ ಅದನ್ನ ಮೈಗೆಲ್ಲ 3 ಗ್ರೇ (ರೇಡಿಯೇಶನ್ ಅಳತೆ), ಥೈಮಸ್‌ಗೆ ಮಾತ್ರ 7 ಗ್ರೇ, ಜೊತೆಗೆ ಸಿಡಿ4, ಸಿಡಿ8 ಅನ್ನೋ ಎರಡು ಮುಖ್ಯ ಬಗೆಯ ಟಿ ಸೆಲ್‌ಗಳನ್ನ ತೆಗೆಯೋ ಆಂಟಿಬಾಡಿ ಅಂತ ತಗ್ಗಿಸಿದ್ರು.

ಡೋನರ್ ಮಜ್ಜೆ ಒಳಗೆ ಹೋಗಿ ಇಲಿ ಮೇಲೇ ದಾಳಿ ಮಾಡಿದ್ರೆ?

ಮಾಡತ್ತೆ, ಅದಕ್ಕೆ ಗ್ರಾಫ್ಟ್ ವರ್ಸಸ್ ಹೋಸ್ಟ್ ಅಂತ ಹೆಸರು. ಮೆಡವಾರ್ ಗುಂಪಿನವರೇ ಇದನ್ನ ಆಗಷ್ಟೇ ಹುಟ್ಟಿದ ಮರಿಗಳಲ್ಲಿ ನೋಡಿದ್ರು, ಪರಕೀಯ ಗುಲ್ಮದ ಕೋಶ ಕೊಟ್ಟ ಕೆಲವು ಮರಿಗಳು ಬೆಳೀಲೇ ಇಲ್ಲ, ಸೊರಗಿ, ಭೇದಿ ಹತ್ತಿ ಸತ್ವು, ರಂಟ್ ಡಿಸೀಸ್ ಅಂದ್ರು. ಮಜ್ಜೆಯೊಳಗಿನ ಬಲಿತ ಟಿ ಸೆಲ್‌ಗಳನ್ನ ಮೊದಲೇ ಸೋಸಿ ತೆಗೆದ್ರೆ ಈ ಕಾಟ ತುಂಬಾ ಕಮ್ಮಿ ಆಗತ್ತೆ.

ರೇಡಿಯೇಶನ್, ಮಜ್ಜೆ ಏನೂ ಇಲ್ದೆ ಬರೀ ಇಂಜೆಕ್ಷನ್‌ನಲ್ಲಿ ಆಗಲ್ವಾ?

ಇಲೀಲಿ ಆಗತ್ತೆ. ಟಿ ಸೆಲ್ ಕೆರಳೋಕೆ ಎರಡು ಸಿಗ್ನಲ್ ಬೇಕು. ಮೊದಲನೇದು "ಇದು ಪರಕೀಯ" ಅನ್ನೋದು, ಎರಡನೇದು "ಹೌದು, ಶುರು ಮಾಡು" ಅನ್ನೋ ಒಪ್ಪಿಗೆ. ಎರಡನೇದು ಬರದೇ ಮೊದಲನೇದು ಮಾತ್ರ ಬಂದ್ರೆ ಟಿ ಸೆಲ್ ಮಂಕಾಗಿ ಕೂರತ್ತೆ, ಇಲ್ಲಾ ಸಾಯತ್ತೆ. ಈ ಎರಡನೇ ಸಿಗ್ನಲ್‌ನ ಮುಖ್ಯ ತಂತಿಗಳು ಎರಡು, ಸಿಡಿ28 ಒಂದು, ಸಿಡಿ40 ಒಂದು. 1996ರಲ್ಲಿ ಲಾರ್ಸನ್ ಮತ್ತು ಪಿಯರ್ಸನ್ ತಂಡ ಸಿಟಿಎಲ್‌ಎ4-ಐಜಿ ಅನ್ನೋ ಪ್ರೋಟೀನ್‌ನಿಂದ ಮೊದಲನೇ ತಂತೀನೂ, ಸಿಡಿ40ಗೆ ಕೊಂಡಿ ಹಾಕೋ ಸಿಡಿ40 ಲಿಗ್ಯಾಂಡ್‌ಗೆ ಅಂಟೋ ಆಂಟಿಬಾಡಿಯಿಂದ ಎರಡನೇ ತಂತೀನೂ ಒಟ್ಟಿಗೆ ಕಟ್ ಮಾಡಿದ್ರು. ಒಂದೊಂದೇ ಕಟ್ ಮಾಡಿದಾಗ ಚರ್ಮ ಹೆಚ್ಚು ದಿನ ನಿಲ್ತಿರಲಿಲ್ಲ, ಎರಡೂ ಸೇರಿದಾಗ ಬಹಳ ದಿನ ನಿಲ್ತು. ಕಸಿಗೆ ವಾರ ಮುಂಚೆ ಡೋನರ್‌ನ ಗುಲ್ಮದ ಕೋಶ ಇಂಜೆಕ್ಟ್ ಮಾಡಿ ಸಿಡಿ40 ತಂತಿ ಕಟ್ ಮಾಡೋ ವಿಧಾನಾನೂ ಇದೆ, ಲ್ಯಾಬ್‌ಗಳಲ್ಲಿ ತುಂಬಾ ಬಳಸೋದು ಅದನ್ನೇ.

ಥೈಮಸ್ ಟ್ರೈನಿಂಗ್ ಸ್ಕೂಲ್ ಅಂದ್ರಲ್ಲ, ಡೋನರ್ ಕೋಶಾನ ಸೀದಾ ಅದರೊಳಗೇ ಹಾಕಿದ್ರೆ?

ಹಾಕಿದ್ದಾರೆ. 1990ರಲ್ಲಿ ಪೋಸೆಲ್ಟ್, ನಾಜಿ ಮತ್ತವರ ಜೊತೆಯವರು ಡಯಾಬಿಟಿಸ್ ಇರೋ, ಲ್ಯಾಬ್ ಇಲಿಗಿಂತ ದೊಡ್ಡ ರ್ಯಾಟ್‌ಗಳ ಥೈಮಸ್‌ಗೆ ಇನ್ಸುಲಿನ್ ತಯಾರಿಸೋ ಐಲೆಟ್‌ಗಳನ್ನ ಹಾಕಿ, ಒಂದೇ ಒಂದು ಡೋಸ್ ಆಂಟಿಲಿಂಫೊಸೈಟ್ ಸೀರಂ (ಟಿ ಸೆಲ್ ತಗ್ಗಿಸೋ ಔಷಧಿ) ಕೊಟ್ರು. ಥೈಮಸ್‌ನಲ್ಲಿದ್ದದ್ದು ಉಳೀತು, ಆಮೇಲೆ ದೇಹದ ಬೇರೆ ಜಾಗದಲ್ಲಿ ಹಾಕಿದ ಅದೇ ಡೋನರ್‌ನ ಐಲೆಟ್‌ಗಳೂ ಉಳಿದ್ವು. ಕೇಳೋಕೆ ಎಷ್ಟು ಚಂದ ಇದೆ ನೋಡಿ, ಆದ್ರೆ ದೊಡ್ಡ ಪ್ರಾಣಿಗಳಲ್ಲಿ ಇಷ್ಟು ಸಲೀಸಾಗಿ ಕೈಗೆ ಹತ್ತಲಿಲ್ಲ, ಮತ್ತೆ ವಯಸ್ಸಾಗ್ತಾ ಥೈಮಸ್ ಕುಗ್ಗಿ ಬರೀ ಕೊಬ್ಬಾಗಿಬಿಡತ್ತೆ.

"ಅಂಟುಜಾಡ್ಯದ ಥರ ಹರಡೋ ಟಾಲರೆನ್ಸ್" ಅಂತ ಓದಿದೆ, ಇಲಿಯಿಂದ ಇಲಿಗೆ ಗಾಳೀಲಿ ಹರಡತ್ತಾ?

ಗಾಳೀಲಿ ಅಲ್ಲ ಮಾರಾಯ್ರೇ, ಟಿ ಸೆಲ್‌ನಿಂದ ಟಿ ಸೆಲ್‌ಗೆ. 1993ರಲ್ಲಿ ಹರ್ಮನ್ ವಾಲ್ಡ್‌ಮನ್, ಕಾಬೋಲ್ಡ್, ಕಿನ್ ಇವರು ಟಿ ಸೆಲ್‌ಗಳನ್ನ ಕೊಲ್ಲದೇ ಬರೀ ತಡೆದು ನಿಲ್ಲಿಸೋ ಸಿಡಿ4, ಸಿಡಿ8 ಆಂಟಿಬಾಡಿ ಕೊಟ್ಟು ಇಲಿಗಳಿಗೆ ಟಾಲರೆನ್ಸ್ ಬರ್ಸಿದ್ರು. ಆಮೇಲೆ ಅದೇ ಇಲಿಗಳಿಗೆ ಏನೂ ಅರಿಯದ ಹೊಸ ಟಿ ಸೆಲ್ ಸುರಿದ್ರು, ಕಸಿ ಉದುರಬೇಕಿತ್ತು, ಉದುರಲಿಲ್ಲ. ಹಳೇ ಟಿ ಸೆಲ್‌ಗಳ ಜೊತೆ ಕೆಲವು ವಾರ ಇದ್ದಮೇಲೆ ಹಳೇವನ್ನ ತೆಗೆದುಹಾಕಿದ್ರೂ ಹೊಸವು ಕಸೀನ ಮುಟ್ಟಲಿಲ್ಲ, ಪಾಠ ಕಲ್ತುಬಿಟ್ಟಿದ್ವು.

ಅದಕ್ಕಿಂತ ಮಜಾ ಇನ್ನೊಂದಿದೆ. ಎ ತಳಿಗೆ ಟಾಲರೆನ್ಸ್ ಬಂದ ಇಲಿಗೆ ಬಿ ತಳಿಯ ಕಸಿ ಹಾಕಿದ್ರೆ ಉದುರತ್ತೆ, ಸರಿ. ಎ ಮತ್ತು ಬಿ ಕೂಡಿ ಹುಟ್ಟಿದ ಮರಿಯ ಕಸಿ ಹಾಕಿದ್ರೆ? ಅದರ ಒಂದೊಂದು ಕೋಶದ ಮೇಲೂ ಎರಡರ ಗುರುತೂ ಇರತ್ತೆ, ಅದು ಉಳ್ಕೊಳ್ಳತ್ತೆ! ಅಂದ್ರೆ ಎ ಗುರುತು ನೋಡಿ ಸುಮ್ಮನಾದ ಟಿ ಸೆಲ್ ಪಕ್ಕದಲ್ಲಿ ಬಿ ನೋಡಿ ರೇಗ್ತಿರೋದನ್ನೂ ಸಮಾಧಾನ ಮಾಡ್ತಿದೆ. ಬರೀ ಸತ್ತುಹೋಗೋದು, ಮಂಕಾಗೋದು ಇಷ್ಟರಿಂದ ಇದನ್ನ ವಿವರಿಸೋಕಾಗಲ್ಲ, ಯಾವುದೋ ಕೋಶ ಎದ್ದು ನಿಂತು ತಡೀತಿರ್ಬೇಕು. 1995ರಲ್ಲಿ ಶಿಮೋನ್ ಸಕಾಗುಚಿ ಸಿಡಿ25 ಇರೋ, ಮಿಕ್ಕವನ್ನ ತಡೆಯೋ ಟಿ ಸೆಲ್‌ಗಳನ್ನ ತೋರಿಸಿದ್ರು, 2001ರಲ್ಲಿ ಸ್ಕರ್ಫಿ ಅನ್ನೋ ರೋಗಿಷ್ಟ ಇಲಿಯಲ್ಲಿ ಫಾಕ್ಸ್‌ಪಿ3 ಜೀನ್ ಕೆಟ್ಟಿರೋದನ್ನ ಬ್ರಂಕೋ ಮತ್ತು ರಾಮ್ಸ್‌ಡೆಲ್ ಹಿಡಿದ್ರು, ಆಮೇಲೆ ಆ ತಡೆಯೋ ಟಿ ಸೆಲ್‌ಗಳಿಗೆ ಈ ಜೀನೇ ಬೇಕು ಅಂತ ಗೊತ್ತಾಯ್ತು, ಈಗ ನಾವು ಟಿ ರೆಗ್ ಅನ್ನೋದು ಇವನ್ನೇ. 2025ರ ವೈದ್ಯಕೀಯ ನೊಬೆಲ್ ಈ ಮೂವರಿಗೆ.

ಲಿವರ್ ಮಾತ್ರ ಔಷಧಿ ಇಲ್ದೆನೂ ಕೂರತ್ತಂತೆ, ಹೌದಾ?

ಕೆಲವು ಪ್ರಾಣಿಗಳಲ್ಲಿ ಹೌದು. 1969ರಲ್ಲಿ ರಾಯ್ ಕಾಲ್ನ್ ತಂಡ ಹಂದಿಗಳಲ್ಲಿ ಕಂಡಿದ್ರು, ಇಲಿಗಳ ಬಹಳಷ್ಟು ತಳಿಗಳ ಮಧ್ಯೇನೂ ಹಾಗೇ, ಅಷ್ಟೇ ಅಲ್ಲ ಲಿವರ್ ಒಪ್ಕೊಂಡ ಪ್ರಾಣಿ ಅದೇ ಡೋನರ್‌ನ ಬೇರೆ ಅಂಗಾನೂ ಒಪ್ಕೊಳ್ಳೋದುಂಟು. ಮನುಷ್ಯರಿಗೆ ಇದನ್ನ ಹಾಗೇ ಅನ್ವಯಿಸ್ಕೊಂಡು ಯಾರೂ ಮಾತ್ರೆ ನಿಲ್ಲಿಸಬೇಡಿ ದಯವಿಟ್ಟು.

## ನಂಬೋದು ಹೇಗೆ

ಟಾಲರೆನ್ಸ್ ಬಂತು ಅಂತ ನಿಮಗೆ ಹೇಗೆ ಗೊತ್ತಾಗತ್ತೆ? ಕಸಿ ಉಳಿದ್ರೆ ಆಯ್ತಲ್ಲ?

ಕಸಿ ಉಳಿದ್ರೆ ಆಯ್ತು ಅನ್ನೋ ಮಾತಿಂದಾನೇ ಎಷ್ಟೋ ಜನ ಬಿದ್ದಿದ್ದಾರೆ, ನಾನೂ ಒಬ್ಬ.

ಮೊದಲು ಬ್ಯಾಂಡೇಜ್ ಬಿಚ್ಚೋ ದಿನದ ಬಗ್ಗೆ ಹೇಳ್ತೀನಿ. ಇಲಿ ಪಕ್ಕೆಯ ಮೇಲೆ ಹೆಬ್ಬೆರಳಿನ ಉಗುರಿನಷ್ಟು ಚರ್ಮ ಕೂರಿಸಿ ಸುತ್ತ ಪಟ್ಟಿ ಕಟ್ಟಿರ್ತೀವಿ, ಒಂದು ವಾರಕ್ಕೆ ಬಿಚ್ತೀವಿ. ಚೆನ್ನಾಗಿ ಕೂತಿದ್ರೆ ತೆಳು ಗುಲಾಬಿ ಬಣ್ಣ, ಬೆರಳಿಂದ ಮೆಲ್ಲಗೆ ತಳ್ಳಿದ್ರೆ ಕೆಳಗಿನ ಮೈ ಜೊತೆ ಮೆತ್ತಗೆ ಸರಿಯತ್ತೆ. ರಿಜೆಕ್ಷನ್ ಶುರುವಾದ್ರೆ ಮೊದಲು ಊದತ್ತೆ, ಕೆಂಪಗಾಗಿ ನೇರಳೆ ಆಗತ್ತೆ, ಅಂಚು ಒಣಗಿ ಗಟ್ಟಿಯಾಗತ್ತೆ, ಕೊನೆಗೆ ಕಪ್ಪು ಹಕ್ಕಳೆ ಆಗಿ ಒಂದು ದಿನ ಪಂಜರದ ಹೊಟ್ಟಿನಲ್ಲಿ ಬಿದ್ದಿರತ್ತೆ. ಆದ್ರೆ ಪಟ್ಟಿ ಸಡಿಲ ಆಗಿ ಚರ್ಮ ಒಣಗಿದ್ರೂ ಅದೇ ಹಕ್ಕಳೆ! ಹಾಗಾಗಿ ಮೊದಲ ವಾರದಲ್ಲೇ ಉದುರಿದ್ದನ್ನ ಕೈಕೆಲಸದ ತಪ್ಪು ಅಂತ ಲೆಕ್ಕದಿಂದ ಬಿಡ್ತಾರೆ.

ಈಗ ನನ್ನ ಕಥೆ. ಒಂದು ಬ್ಯಾಚ್‌ನಲ್ಲಿ ನನ್ನ ಟ್ರೀಟ್‌ಮೆಂಟ್ ಕೊಟ್ಟ ಇಲಿಗಳೆಲ್ಲ ಡೋನರ್ ಚರ್ಮ ಒಪ್ಕೊಂಡ್ವು, ಮೂರನೇ ತಳಿಯ ಚರ್ಮ ನೀಟಾಗಿ ಉದುರಿಸಿದ್ವು. ಪಠ್ಯಪುಸ್ತಕದ ಥರ ನಿರ್ದಿಷ್ಟ ಟಾಲರೆನ್ಸ್, ನಾನು ಆಕಾಶದಲ್ಲಿದ್ದೆ. ಸೀನಿಯರ್ ಒಬ್ಬರು ಬಂದು ಟ್ರೀಟ್‌ಮೆಂಟ್ ಕೊಡದ ಕಂಟ್ರೋಲ್ ಇಲಿಗಳು ಏನಾದ್ವು ಅಂದ್ರು. ನೋಡಿದ್ರೆ ಅವೂ ಒಪ್ಕೊಂಡಿವೆ. ಡೋನರ್ ಪಂಜರದ ಕಾರ್ಡ್ ಅದಲುಬದಲಾಗಿತ್ತು, ಎಲ್ಲಾ ಬಿ10 ಅನ್ನೋ ತಳಿ ಬಳಗದ ಇಲಿಗಳು, ನೋಡೋಕೆ ಒಂದೇ ಕಪ್ಪು, ನಾನು ಅದೇ ತಳಿಯ ಚರ್ಮಾನ ಅದೇ ತಳಿಗೆ ಹಾಕಿ ಎರಡು ತಿಂಗಳು ಖುಷಿ ಪಟ್ಟಿದ್ದೆ. ಡೋನರ್ ಮತ್ತು ಮೂರನೇ ತಳಿ ಎರಡನ್ನೂ ನೋಡಿದ್ರೂ ಈ ತಪ್ಪು ಸಿಗ್ತಿರಲಿಲ್ಲ ಅನ್ನೋದೇ ನನ್ನನ್ನ ಈಗ್ಲೂ ಚುಚ್ಚೋದು.

ಹಾಗಾಗಿ ನಂಬೋಕೆ ನನಗೆ ಇಷ್ಟು ಬೇಕು: ಔಷಧಿ ನಿಂತು ಬಹಳ ದಿನ ಆಗಿರ್ಬೇಕು, ಸಾಮಾನ್ಯ 100 ದಿನ ನೋಡ್ತಾರೆ. ಅದೇ ಡೋನರ್‌ನ ಎರಡನೇ ಚರ್ಮ ಹೊಸದಾಗಿ ಹಾಕಿದ್ರೂ ಒಪ್ಕೋಬೇಕು, ಯಾಕಂದ್ರೆ ಮೊದಲನೇದು ಹಳತಾಗಿ ಹೊಂದ್ಕೊಂಡಿರಬಹುದು. ಮೂರನೇ ತಳಿಯದ್ದು ಮಾಮೂಲಿ ವೇಗದಲ್ಲೇ ಉದುರಬೇಕು, ತಡವಾಗಿ ಉದುರಿದ್ರೆ ನನಗೆ ಅನುಮಾನ. ಏನೂ ಕೊಡದ ಇಲಿ ಡೋನರ್ ಚರ್ಮಾನ ಉದುರಿಸ್ಲೇಬೇಕು. ಬರೀ ಟ್ಯೂಬ್‌ನಲ್ಲಿ ಟಿ ಸೆಲ್ ಬೆರೆಸಿ "ಪ್ರತಿಕ್ರಿಯೆ ಇಲ್ಲ" ಅಂತ ತೋರ್ಸೋದು ನನಗೆ ಸಾಕಾಗಲ್ಲ, ಟ್ಯೂಬ್‌ನಲ್ಲಿ ಜೋರಾಗಿ ಕುಣಿಯೋ ಟಿ ಸೆಲ್ ಇಟ್ಕೊಂಡೂ ಕಸೀನ ಮುಟ್ಟದೇ ಇರೋ ಇಲಿಗಳಿವೆ.

ಇಲಿ ಹೊಟ್ಟೇಲಿ ಇನ್ನೊಂದು ಹೃದಯ ಹಾಕ್ತಾರಂತೆ, ಇದೇನು ಹುಚ್ಚಾಟ?

1973ರಲ್ಲಿ ಕೋರಿ, ವಿನ್, ರಸೆಲ್ ಇವರು ಶುರು ಮಾಡಿದ್ದು. ಇಲಿಯ ಸ್ವಂತ ಹೃದಯ ತನ್ನ ಪಾಡಿಗೆ ಎದೇಲಿ ಬಡ್ಕೋತಾ ಇರತ್ತೆ, ಡೋನರ್ ಹೃದಯಾನ ಹೊಟ್ಟೆಯ ದೊಡ್ಡ ರಕ್ತನಾಳಗಳಿಗೆ ಮೈಕ್ರೋಸ್ಕೋಪ್ ಕೆಳಗೆ ಹೊಲೀತಾರೆ. ಕೂದಲಿಗಿಂತ ತೆಳು ದಾರ, ಕೈ ನಡುಗಿದ್ರೆ ಮುಗೀತು. ಆ ಹೃದಯ ರಕ್ತ ಪಂಪ್ ಮಾಡೋ ಜವಾಬ್ದಾರಿ ಹೊರಲ್ಲ, ಹಾಗಾಗಿ ನಿಂತ್ರೂ ಇಲಿ ಸಾಯಲ್ಲ. ದಿನಾ ಇಲೀನ ಎತ್ತಿ ಹೊಟ್ಟೆ ಮೇಲೆ ಬೆರಳಿಟ್ಟು ಬಡಿತ ಎಷ್ಟು ಜೋರಿದೆ ಅಂತ ಅಂಕ ಬರ್ಕೊಳ್ಳೋದು. ಮೊದಲ ದಿನಗಳಲ್ಲಿ ಬೆರಳಿನ ತುದೀಗೆ ಟಪ ಟಪ ಅಂತ ಹೊಡಿಯತ್ತೆ, ಆಮೇಲೆ ಮೆತ್ತಗಾಗತ್ತೆ, ಪೂರ್ತಿ ಬೇರೆ ತಳಿಯದ್ದಾದ್ರೆ ವಾರ ಹತ್ತು ದಿನದಲ್ಲಿ ನಿಂತು ಗಟ್ಟಿ ಉಂಡೆ ಸಿಗತ್ತೆ. ಒಂದು ಎಚ್ಚರಿಕೆ ಇದೆ: ನೂರು ದಿನ ಬಡೀತು ಅಂದ ಮಾತ್ರಕ್ಕೆ ಟಾಲರೆನ್ಸ್ ಅಲ್ಲ. ಒಳಗೆ ರಕ್ತನಾಳಗಳು ದಪ್ಪಗಾಗಿ ಕಟ್ಕೊಳ್ತಾ ಇರಬಹುದು, ಅದು ನಿಧಾನದ ರಿಜೆಕ್ಷನ್, ಕತ್ತರಿಸಿ ಸ್ಲೈಡ್ ನೋಡಿದ್ರೆ ಮಾತ್ರ ಗೊತ್ತಾಗತ್ತೆ.

ಒಂದ್ಸಲ ಬಂದ ಟಾಲರೆನ್ಸ್ ಮುರಿಯತ್ತಾ?

ಮುರೀಬಹುದು. 1953ರಲ್ಲೇ ಟಾಲರೆನ್ಸ್ ಇದ್ದ ಇಲಿಗೆ ಬೇರೆ ಸಿಬಿಎ ಇಲಿಯ ಲಿಂಫ್ ಗ್ರಂಥಿ ಕೋಶ ಕೊಟ್ಟಾಗ, ತಿಂಗಳುಗಟ್ಟಲೆ ಚೆನ್ನಾಗಿದ್ದ ಕಸಿ ಉದುರ್ತು, ಅಂದ್ರೆ ಕಸಿ ಬದಲಾಗಿರಲಿಲ್ಲ, ಬದಲಾಗಿದ್ದು ಇಲಿ ಅಂತ ಸಾಬೀತಾಯ್ತು. ಸೋಂಕಿನಿಂದಾನೂ ಮುರಿಯತ್ತೆ: ಮರಿಯಾ-ಲೂಯಿಸಾ ಅಲೆಗ್ರೆ ಮತ್ತು ಅನಿತಾ ಚಾಂಗ್ ತಂಡಗಳು ಟಾಲರೆನ್ಸ್ ಬಂದ ಇಲಿಗಳಿಗೆ ಲಿಸ್ಟೀರಿಯಾ ಬ್ಯಾಕ್ಟೀರಿಯಾ ಕೊಟ್ಟಾಗ ಕೆಲವು ಇಲಿಗಳಲ್ಲಿ ಹೃದಯ ಕಸಿ ರಿಜೆಕ್ಟ್ ಆಯ್ತು. ಆಶ್ಚರ್ಯ ಮುಂದಿದೆ, ಸೋಂಕು ಹೋದ ಮೇಲೆ ಅದೇ ಇಲಿಗಳಿಗೆ ಅದೇ ಡೋನರ್ ತಳಿಯ ಇನ್ನೊಂದು ಹೃದಯ ಹಾಕಿದ್ರೆ ಒಪ್ಕೊಂಡ್ವು, 2015ರಲ್ಲಿ ಪ್ರಕಟ ಆಯ್ತು. ಟಾಲರೆನ್ಸ್ ಪೂರ್ತಿ ಅಳಿಸಿಹೋಗಿರಲಿಲ್ಲ, ಗಲಾಟೆ ಟೈಮಲ್ಲಿ ಬದಿಗೆ ಸರಿದಿತ್ತು ಅಷ್ಟೇ.

## ಇಲಿಯಿಂದ ಆಚೆ

ಇಲೀಲಿ ಎಪ್ಪತ್ತು ವರ್ಷದಿಂದ ಆಗ್ತಿದ್ರೆ ಮನುಷ್ಯರು ಯಾಕೆ ಇನ್ನೂ ಮಾತ್ರೆ ನುಂಗ್ತಿದ್ದಾರೆ?

ನನ್ನ ಪ್ರಕಾರ ದೊಡ್ಡ ಕಾರಣ ಲ್ಯಾಬ್ ಇಲಿಗೆ ಹಿಂದಿನ ಜೀವನಾನೇ ಇಲ್ಲ ಅನ್ನೋದು. ಸೋಸಿದ ಗಾಳಿ, ಕ್ರಿಮಿ ಇಲ್ಲದ ಆಹಾರ, ಕಾಯಿಲೆ ಅಂದ್ರೇನು ಅಂತ ಗೊತ್ತಿಲ್ಲ. ನಮಗೆ ಹಾಗಲ್ಲ, ಹುಟ್ಟಿದಾಗಿಂದ ನೆಗಡಿ, ಜ್ವರ, ಹರ್ಪಿಸ್, ಲಸಿಕೆ ಎಲ್ಲ ಕಂಡು ಮೆಮೊರಿ ಟಿ ಸೆಲ್ ರಾಶಿ ಬಿದ್ದಿದೆ. ಆ ಮೆಮೊರಿ ಸೆಲ್‌ಗಳಲ್ಲಿ ಕೆಲವು ಯಾವುದೋ ವೈರಸ್‌ಗೆ ಅಂತ ತಯಾರಾಗಿದ್ರೂ ಆಕಸ್ಮಿಕವಾಗಿ ಪರಕೀಯ ಎಂಎಚ್‌ಸಿ ಮೇಲೂ ಹಾಯತ್ವೆ, ಮತ್ತೆ ಅವಕ್ಕೆ ಎರಡನೇ ಸಿಗ್ನಲ್ ಅಷ್ಟಾಗಿ ಬೇಕಿಲ್ಲ, ಆ ತಂತಿ ಕಟ್ ಮಾಡಿ ಏನು ಬಂತು? 2003ರಲ್ಲಿ ಆಡಮ್ಸ್, ಲಾರ್ಸನ್ ಇವರು ಇಲಿಗಳಿಗೆ ಒಂದರ ಮೇಲೊಂದು ವೈರಸ್ ಸೋಂಕು ತಗುಲಿಸಿ ಆಮೇಲೆ ಟಾಲರೆನ್ಸ್ ಬರ್ಸೋಕೆ ನೋಡಿದ್ರು, ಚೆನ್ನಾಗಿ ಕೆಲಸ ಮಾಡ್ತಿದ್ದ ವಿಧಾನ ಕೈಕೊಡ್ತು. 2016ರಲ್ಲಿ ಇನ್ನೊಂದು ತಂಡ ತೋರಿಸಿದ ಹಾಗೆ ಲ್ಯಾಬ್ ಇಲಿಯ ಇಮ್ಯೂನ್ ಸಿಸ್ಟಮ್ ಹೋಲೋದು ದೊಡ್ಡ ಮನುಷ್ಯರನ್ನಲ್ಲ, ಹಸುಗೂಸನ್ನ. ಪೆಟ್ ಅಂಗಡಿ ಇಲಿ ಜೊತೆ ಒಂದೇ ಪಂಜರದಲ್ಲಿ ಬಿಟ್ರೆ ಕೆಲವು ವಾರದಲ್ಲಿ ದೊಡ್ಡವರ ಹಾಗೆ ಆಗತ್ತೆ.

ಇನ್ನೊಂದು ಕಾರಣ ಔಷಧಿಯದೇ. ಸಿಡಿ40 ಲಿಗ್ಯಾಂಡ್ ಆಂಟಿಬಾಡಿ ಇಲೀಲಿ ಬಂಗಾರ, ಮನುಷ್ಯರಲ್ಲಿ ಶುರು ಮಾಡಿದಾಗ ರಕ್ತ ಹೆಪ್ಪುಗಟ್ಟಿ 1999ರಲ್ಲಿ ಟ್ರಯಲ್ ನಿಂತುಹೋಯ್ತು, ಯಾಕಂದ್ರೆ ಪ್ಲೇಟ್‌ಲೆಟ್‌ಗಳ ಮೇಲೂ ಅದೇ ಅಣು ಇದೆ. ಸಿಟಿಎಲ್‌ಎ4-ಐಜಿಯನ್ನ ತಿದ್ದಿ ಮಾಡಿದ ಬೆಲಾಟಸೆಪ್ಟ್ 2011ರಲ್ಲಿ ಅಮೆರಿಕದಲ್ಲಿ ಕಿಡ್ನಿ ಕಸಿಗೆ ಒಪ್ಪಿಗೆ ಪಡೀತು, ಆದ್ರೆ ಅದನ್ನ ಬಿಡದೇ ಕೊಡ್ತಾ ಇರ್ಬೇಕು, ಟಾಲರೆನ್ಸ್ ಅಲ್ಲ.

ಮಿಕ್ಸ್ಡ್ ಕೈಮೆರಿಸಂ ಮಾತ್ರ ಮಂಗಗಳ ಮೂಲಕ ಮನುಷ್ಯರವರೆಗೂ ನಡ್ಕೊಂಡು ಬಂತು. 2008ರಲ್ಲಿ ತಾತ್ಸುವೊ ಕವಾಯ್ ಮತ್ತು ಸ್ಯಾಕ್ಸ್ ತಂಡ ಎಚ್‌ಎಲ್‌ಎ ಪೂರ್ತಿ ಹೊಂದದ ಐದು ಜನಕ್ಕೆ ಕಿಡ್ನಿ ಜೊತೆ ಅದೇ ಡೋನರ್‌ನ ಮಜ್ಜೆ ಕೊಟ್ಟಿದ್ದನ್ನ ವರದಿ ಮಾಡಿದ್ರು, ನಾಲ್ಕು ಜನ ಮಾತ್ರೆ ಪೂರ್ತಿ ಬಿಟ್ರು. ವಿಚಿತ್ರ ಅಂದ್ರೆ ಇಲೀಲಿ ಡೋನರ್ ಕೋಶ ಜೀವನಪೂರ್ತಿ ಇರತ್ತೆ, ಮಂಗ ಮತ್ತು ಈ ರೋಗಿಗಳಲ್ಲಿ ಕೆಲವು ವಾರದಲ್ಲಿ ಮಾಯ ಆದ್ರೂ ಕಿಡ್ನಿ ಉಳೀತು. ಹಾಗಾಗಿ ಅಲ್ಲಿ ಕೆಲಸ ಮಾಡ್ತಿರೋದು ಥೈಮಸ್ ಒಂದೇ ಅಲ್ಲ, ಕಿಡ್ನೀನೇ ತನ್ನ ಪರವಾಗಿ ಏನೋ ಮಾಡ್ಕೊಳ್ತಿದೆ ಅನ್ನೋ ವಾದ ಇದೆ.

ಆ ಪ್ರಾಣಿಗಳ ಗತಿ? ಪಾಪ ಅನ್ಸಲ್ವಾ?

ಅನ್ಸತ್ತೆ. ಶಸ್ತ್ರಚಿಕಿತ್ಸೆಗೆ ಅರಿವಳಿಕೆ, ಆಮೇಲೆ ನೋವಿನ ಔಷಧಿ ಕಡ್ಡಾಯ, ಎಷ್ಟು ಇಲಿ, ಯಾಕೆ ಅನ್ನೋದನ್ನ ಎಥಿಕ್ಸ್ ಸಮಿತಿ ಮುಂದೆ ಲೆಕ್ಕ ಕೊಡ್ಬೇಕು, ಬದಲಿ ದಾರಿ ಇದ್ರೆ ಇಲಿ ಬಳಸೋ ಹಾಗಿಲ್ಲ. ನಿಯಮ ಇದೆ ಅಂತ ಮನಸ್ಸು ಹಗುರ ಏನೂ ಆಗಲ್ಲ. ಕಾರ್ಡ್ ಅದಲುಬದಲಾಗಿ ವ್ಯರ್ಥ ಆದ ಆ ಬ್ಯಾಚ್ ನೆನಪಾದ್ರೆ ನನಗೆ ಕಷ್ಟ ಅನ್ಸೋದು ಕಳೆದುಹೋದ ಟೈಮ್‌ಗಲ್ಲ.

ಕೊನೇದು. ಟಾಲರೆನ್ಸ್ ಬಂದ ಇಲಿಯ ಮರಿಗಳಿಗೂ ಅದು ಬರತ್ತಾ?

ಬರಲ್ಲ, ಜೀನ್ ಏನೂ ಬದಲಾಗಿಲ್ವಲ್ಲ. ಆದ್ರೆ ಈ ಪ್ರಶ್ನೆ ಪೆದ್ದ ಪ್ರಶ್ನೆ ಅಂತ ತಿಳ್ಕೋಬೇಡಿ, 1980ರಲ್ಲಿ ಗೊರ್ಸಿನ್‌ಸ್ಕಿ ಮತ್ತು ಟೆಡ್ ಸ್ಟೀಲ್ ಅನ್ನೋರು ಬರತ್ತೆ ಅಂತಾನೇ ಪ್ರಕಟಿಸಿದ್ರು, ಗಂಡಿಲಿಗೆ ಮರಿಯಿದ್ದಾಗ ಬರ್ಸಿದ ಟಾಲರೆನ್ಸ್ ಅದರ ಮಕ್ಕಳಲ್ಲೂ ಕಾಣ್ತಿದೆ ಅಂತ. ಗಳಿಸಿದ ಗುಣ ಮಕ್ಕಳಿಗೆ ಹೋಗತ್ತೆ ಅಂದ್ರೆ ಸಣ್ಣ ಮಾತಾ, ದೊಡ್ಡ ಗದ್ದಲ ಆಯ್ತು. ಆಗ ಮತ್ತೆ ಇಲಿ ಪಂಜರ ತೆಗೆದು ಕೂತೋರು ಬ್ರೆಂಟ್ ಮತ್ತು ಮೆಡವಾರ್, ಅದೇ 1953ರ ಮೂವರಲ್ಲಿ ಇಬ್ಬರು, ಎಲಿಜಬೆತ್ ಸಿಂಪ್ಸನ್ ಮುಂತಾದೋರ ಜೊತೆ. ಮೆಡವಾರ್‌ಗೆ ಆಗ್ಲೇ ಹಲವು ಸಲ ಪಾರ್ಶ್ವವಾಯು ಹೊಡೆದು ಒಂದು ಕಡೆ ಸ್ವಾಧೀನ ಇರಲಿಲ್ಲ. ಟಾಲರೆನ್ಸ್ ಬಂದ ಗಂಡಿಲಿಗಳ ಮರಿಗಳಿಗೆ ಚರ್ಮ ಹಾಕಿ ನೋಡಿದ್ರು, ಬೇರೆ ಮರಿಗಳ ಥರಾನೇ ಇವೂ ಉದುರಿಸಿದ್ವು, 1981ರಲ್ಲಿ ಹಾಗಂತ ಬರೆದ್ರು.